ಚಿಕ್ಕಪ್ಪನ ಪಹಣಿ ಮತ್ತು ‘2018’

‘2018’ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೀನಿ. ಮೊದಲ ಸಲ ಬೆಂಗಳೂರಲ್ಲಿ, ಸೋನಿ ಲಿವ್‌ಗೆ ಬಂದ ವಾರವೇ, ನಾಲ್ಕು ಜನ ಗೆಳೆಯರ ಜೊತೆ. ಎರಡನೇ ಸಲ ಮಡಿಕೇರಿ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ, ಚಿಕ್ಕಪ್ಪನ ಪಕ್ಕ ಕೂತು. ಮೊದಲ ಸಲ ಅತ್ತೆ. ಸುಳ್ಳು ಯಾಕೆ ಹೇಳಲಿ, ಮೀನುಗಾರರು ದೋಣಿಗಳನ್ನು ಲಾರಿಗೇರಿಸಿಕೊಂಡು ಬರುವ ದೃಶ್ಯದಲ್ಲಿ ನಾವು ಐದೂ ಜನ ಒಬ್ಬರ ಮುಖ ಒಬ್ಬರು ನೋಡದೆ ಮೂಗು ಒರೆಸಿಕೊಂಡೆವು. ಎರಡನೇ ಸಲ ಅಳು ಬರಲಿಲ್ಲ. ಕೊನೆಯ ಹೆಸರುಗಳ ಪಟ್ಟಿ ಓಡ್ತಾ ಇರುವಾಗ ಚಿಕ್ಕಪ್ಪ ರಿಮೋಟ್ ಕೈಗೆತ್ತಿಕೊಂಡು ಕೇಳಿದರು, “ಮುಗೀತಾ? ನೀರು ಇಳಿದ ಮೇಲಿನದ್ದು ಇಲ್ವಾ?”

ಸಿನಿಮಾ ಬಂದಾಗ ನಾನು ಓದಿದ ಯಾವ ವಿಮರ್ಶೆಯೂ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ನೋಡದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಜೂಡ್ ಆಂಥನಿ ಜೋಸೆಫ್ ನಿರ್ದೇಶನದ ಮಲಯಾಳಂ ಚಿತ್ರ, 2023ರ ಮೇ ತಿಂಗಳಲ್ಲಿ ತೆರೆಕಂಡಿತು. 2018ರ ಆಗಸ್ಟಿನ ಕೇರಳದ ಪ್ರವಾಹವೇ ಕಥೆ. ಟೊವಿನೋ ಥಾಮಸ್‌ದು ಸೈನ್ಯ ಬಿಟ್ಟು ಬಂದು ಊರಲ್ಲಿ ಹೇಡಿ ಅನ್ನಿಸಿಕೊಂಡ ಹುಡುಗನ ಪಾತ್ರ. ಇಂದ್ರನ್ಸ್ ಕಣ್ಣು ಕಾಣದ ಅಂಗಡಿಯವನು. ಲಾಲ್ ಮತ್ತು ನರೇನ್ ಮೀನುಗಾರರು, ಆಸಿಫ್ ಅಲಿ ಮೀನಿನ ವಾಸನೆ ಬೇಡ, ಮಾಡೆಲ್ ಆಗ್ತೀನಿ ಅನ್ನುವ ಮೀನುಗಾರರ ಮನೆಯ ಮಗ. ಕುಂಚಾಕೋ ಬೋಬನ್ ಕಂಟ್ರೋಲ್ ರೂಮಿನ ಅಧಿಕಾರಿ. ಹಿನ್ನೆಲೆ ಸಂಗೀತ ನೋಬಿನ್ ಪಾಲ್ ಅವರದ್ದು, ನಮ್ಮ ‘777 ಚಾರ್ಲಿ’ಗೆ ಮಾಡಿದವರೇ. ಚಿತ್ರದ ಅಡಿಬರಹ ‘ಪ್ರತಿಯೊಬ್ಬರೂ ಹೀರೋ’. ಮೊದಲರ್ಧ ಈ ಪಾತ್ರಗಳನ್ನು ಒಬ್ಬೊಬ್ಬರಾಗಿ ಪರಿಚಯ ಮಾಡಿಸುವುದರಲ್ಲೇ ಹೋಗುತ್ತೆ, ಸ್ವಲ್ಪ ಬೋರು. ಆದರೆ ನೀರು ಬಂದ ಮೇಲೆ ಕೈ ಬಿಡಲ್ಲ. ಹಾಲಿವುಡ್ಡಿನ ಥರ ಮುಗಿಲೆತ್ತರದ ಅಲೆ ಇಲ್ಲ. ಹೊಸ್ತಿಲು ದಾಟಿ, ಮಂಚದ ಕಾಲು ಮುಳುಗಿಸಿ, ಒಂದೊಂದೇ ಗೇಣು ಏರುವ ನೀರು. ಆ ನಿಧಾನದಲ್ಲಿರುವ ಭಯವನ್ನು ಇಷ್ಟು ಚೆನ್ನಾಗಿ ಹಿಡಿದ ಇನ್ನೊಂದು ಭಾರತೀಯ ಸಿನಿಮಾ ನನಗೆ ಸಿಕ್ಕಿಲ್ಲ. ನೂರು ಕೋಟಿ ದಾಟಿದ್ದು ಸುಮ್ಮನೆ ಅಲ್ಲ.

ಬಿಡುಗಡೆಯಾದಾಗ ಕೇರಳದಲ್ಲಿ ಎದ್ದ ಜಗಳ ಬೇರೆಯೇ. ಸರ್ಕಾರದ, ಮುಖ್ಯಮಂತ್ರಿಯ ಪಾತ್ರವನ್ನು ಸಿನಿಮಾ ಕುಗ್ಗಿಸಿದೆ ಅಂತ ಎಡಪಕ್ಷದ ಬೆಂಬಲಿಗರಿಗೆ ಸಿಟ್ಟು. ಇತ್ತ ಅಣೆಕಟ್ಟುಗಳನ್ನು ಹೊತ್ತಿಗೆ ಸರಿಯಾಗಿ ತೆರೆಯಲಿಲ್ಲ, ಇದು ಮನುಷ್ಯರೇ ಮಾಡಿದ ಪ್ರವಾಹ ಅನ್ನುವ ವಿರೋಧಪಕ್ಷದ ಆರೋಪ 2018ರಿಂದಲೂ ಇತ್ತು. ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಬಾಗಿಲು 26 ವರ್ಷಗಳ ನಂತರ ತೆರೆದದ್ದು ಆ ಆಗಸ್ಟ್ 9ರಂದು. ಆಗಸ್ಟ್ 15ರಿಂದ 17ರವರೆಗೆ ಬಿದ್ದ ಮಳೆ 1924ರ ಮಹಾಪ್ರಳಯದ ಮಳೆಗೆ ಹೆಚ್ಚುಕಮ್ಮಿ ಸಮ, ಅಣೆಕಟ್ಟುಗಳನ್ನು ದೂರಿ ಪ್ರಯೋಜನ ಇಲ್ಲ ಅಂತ ಕೇಂದ್ರ ಜಲ ಆಯೋಗ ಆಮೇಲೆ ವರದಿ ಕೊಟ್ಟಿತು. ನನಗೆ ಈ ಜಗಳದಲ್ಲಿ ಆಸಕ್ತಿ ಇಲ್ಲ. ಮುಖ್ಯಮಂತ್ರಿಗೆ ಎಷ್ಟು ನಿಮಿಷ ಕೊಟ್ಟರು ಅಂತ ಸ್ಟಾಪ್‌ವಾಚ್ ಹಿಡಿದು ಸಿನಿಮಾ ನೋಡೋಕಾಗುತ್ತಾ?

ನನ್ನ ತಕರಾರು, ಸರ್ಕಾರವನ್ನು ಈ ಸಿನಿಮಾ ಒಬ್ಬ ಒಳ್ಳೆ ಮನುಷ್ಯನನ್ನಾಗಿ ಮಾಡಿಟ್ಟಿದೆ ಅನ್ನೋದು. ಕಂಟ್ರೋಲ್ ರೂಮಿನಲ್ಲಿ ಫೋನ್ ಹಿಡಿದು ನಿದ್ದೆಗೆಟ್ಟ ಕುಂಚಾಕೋ ಬೋಬನ್‌ನ ಪಾತ್ರ, ಅಷ್ಟೇ ಸರ್ಕಾರ. ಅವನು ಒಳ್ಳೆಯವನಾದ್ದರಿಂದ ಕೆಲಸ ನಡೆಯುತ್ತೆ. ಮೀನುಗಾರರು ಒಳ್ಳೆಯವರಾದ್ದರಿಂದ ದೋಣಿ ಬರುತ್ತೆ. ಊರಿನವರು ಒಳ್ಳೆಯವರಾದ್ದರಿಂದ ಜೀವ ಉಳಿಯುತ್ತೆ. ಪ್ರವಾಹ ಅಂದರೆ ಒಳ್ಳೆಯತನದ ಪರೀಕ್ಷೆ, ಎಲ್ಲರೂ ಪಾಸು. ನೋಡಿ ಮುಗಿಸಿದವರಿಗೆ ಎದೆ ತುಂಬಿ ಬರುತ್ತೆ. ಯಾರಿಗೂ ಏನನ್ನೂ ಕೇಳಬೇಕು ಅನ್ನಿಸಲ್ಲ.

ಮೀನುಗಾರರ ವಿಷಯವನ್ನೇ ತಗೊಳ್ಳಿ. ಕೇರಳ ಸರ್ಕಾರದ ಲೆಕ್ಕದ ಪ್ರಕಾರ ಸುಮಾರು 4,500 ಮೀನುಗಾರರು 669 ದೋಣಿಗಳಲ್ಲಿ ಬಂದು ಸುಮಾರು 65,000 ಜನರನ್ನು ಉಳಿಸಿದರು. ನೌಕಾಪಡೆಗೆ ನುಗ್ಗಲಾಗದ ಓಣಿಗಳಿಗೆ ನುಗ್ಗಿದರು. ಮಲಪ್ಪುರಂನಲ್ಲಿ ಒಬ್ಬ ಯುವಕ ನೀರಲ್ಲಿ ಮಂಡಿಯೂರಿ, ಹೆಂಗಸರು ದೋಣಿ ಹತ್ತಲಿ ಅಂತ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿದ ವಿಡಿಯೋ ನಾವೆಲ್ಲ ಫಾರ್ವರ್ಡ್ ಮಾಡಿದ್ದೇವೆ. ಇದೆಲ್ಲ ನಿಜ. ಆದರೆ ಅಷ್ಟು ದೋಣಿಗಳು ಸಮುದ್ರದಂಡೆಯಿಂದ ಚೆಂಗನ್ನೂರಿನಂಥ ಒಳನಾಡಿಗೆ ಹಾರಿ ಬರಲಿಲ್ಲ. ಲಾರಿ ಬೇಕಾಯಿತು, ಡೀಸೆಲ್ ಬೇಕಾಯಿತು, ಯಾವ ಊರಿಗೆ ಎಷ್ಟು ದೋಣಿ ಅಂತ ಹೇಳುವವರು ಬೇಕಾಯಿತು. ಎಷ್ಟೋ ಕಡೆ ಮೀನುಗಾರರು, ಚರ್ಚುಗಳು ತಾವೇ ಹೊರಟರು. ಎಷ್ಟೋ ಕಡೆ ಪೊಲೀಸರು, ಮೀನುಗಾರಿಕೆ ಇಲಾಖೆಯವರು ಸಾಗಿಸಿದರು. ಎರಡೂ ಸೇರಿದ್ದರಿಂದ 65,000.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡೋದು. ಇದಕ್ಕೆ ಒಂಬತ್ತು ತಿಂಗಳು ಮುಂಚೆ, 2017ರ ನವೆಂಬರ್ ಕೊನೆಯಲ್ಲಿ, ಓಖಿ ಚಂಡಮಾರುತ ಬಂದಿತ್ತು. ಮುನ್ಸೂಚನೆ ತಡವಾಯಿತು ಅಂತ ಇದೇ ತಿರುವನಂತಪುರದ ಕಡಲತೀರದ ಜನ ಬೀದಿಗಿಳಿದಿದ್ದರು. ಕಡಲಿಗೆ ಹೋದ ಅಣ್ಣತಮ್ಮಂದಿರನ್ನು ಹುಡುಕೋಕೆ ತಾವೇ ದೋಣಿ ತಗೊಂಡು ಹೋಗಿದ್ದರು. ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಅದನ್ನೂ ಸ್ವಾವಲಂಬನೆ ಅಂತಲೇ ಕರೀಬೇಕಲ್ವಾ? ಹುಡುಕಿಕೊಡೋರು ಇಲ್ಲ ಅಂತ ತಾವೇ ಹುಡುಕಿದ್ದು. ಅದರ ಬಗ್ಗೆ ಯಾರೂ ನೂರು ಕೋಟಿಯ ಸಿನಿಮಾ ಮಾಡಲ್ಲ. ಬೇರೆಯವರನ್ನು ಉಳಿಸಿದಾಗ ಅವರು ಹೀರೋ, ತಮಗೆ ಸಿಗಬೇಕಾದ್ದನ್ನು ಕೇಳಿದಾಗ ಗಲಾಟೆ ಮಾಡುವವರು.

ಈಗ ಚಿಕ್ಕಪ್ಪನ ಕಥೆಗೆ ಬರ್ತೀನಿ. ಇದರಲ್ಲಿ ನನ್ನ ಪಾಲೂ ಇದೆ.

ಕೇರಳವನ್ನು ಮುಳುಗಿಸಿದ ಅದೇ ಮಳೆ ಅದೇ ವಾರ ಕೊಡಗಿನ ಗುಡ್ಡಗಳನ್ನು ಕುಸಿಸಿತು. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಅನ್ನೋ ಹೆಸರುಗಳನ್ನು ಬೆಂಗಳೂರಿನವರು ಮೊದಲ ಸಲ ಕೇಳಿದ್ದೇ ಆಗ. ಚಿಕ್ಕಪ್ಪನ ಮನೆ ಆ ಕಡೆಯೇ. ಒಂದೂವರೆ ಎಕರೆ ಕಾಫಿ, ಮಧ್ಯೆ ಕಾಳುಮೆಣಸು, ಮೇಲುಗಡೆ ಮನೆ. ಆಗಸ್ಟಿನ ಆ ಬೆಳಿಗ್ಗೆ ತೋಟ ಪೂರ್ತಿ ಜಾರಿ ಹೊಳೆಗೆ ಹೋಯಿತು. ಮನೆಯ ಹಿಂಭಾಗ ಹೋಯಿತು, ಮುಂಭಾಗ ನಿಂತಿತು. ಹಿಂದಿನ ಸಂಜೆಯೇ ನೆಲದಲ್ಲಿ ಬಿರುಕು ಕಂಡು ಹೊರಟಿದ್ದರಿಂದ ಜೀವ ಉಳಿಯಿತು.

ಪಕ್ಕದ ಶಾಲೆಯಲ್ಲಿ ಕ್ಯಾಂಪ್ ತೆರೆದಿದ್ದರು. ಚಿಕ್ಕಪ್ಪ ಹೋಗಲಿಲ್ಲ. ಜೀವಮಾನದಲ್ಲಿ ಯಾರ ಮುಂದೆಯೂ ತಟ್ಟೆ ಹಿಡಿದು ನಿಂತವರಲ್ಲ, ನಿಜ. ಆದರೆ ಹೋಗಬೇಡಿ ಅಂತ ಫೋನಲ್ಲಿ ಗಟ್ಟಿಯಾಗಿ ಹೇಳಿದವನು ನಾನು. “ನಾವೆಲ್ಲ ಇದ್ದೀವಿ ಚಿಕ್ಕಪ್ಪ, ಕ್ಯಾಂಪಲ್ಲಿ ಯಾಕೆ ಮಲಗ್ತೀರಿ? ಸರ್ಕಾರದ ಅಕ್ಕಿ ನಮಗೆ ಬೇಡ.” ಅವರು ಚಿಕ್ಕಮ್ಮನ ಅಣ್ಣನ ಮನೆಗೆ ಹೋದರು. ಕಸಿನ್‌ಗಳೆಲ್ಲ ಸೇರಿ ಎರಡು ದಿನದಲ್ಲಿ ಒಂದು ಲಕ್ಷ ಚಿಲ್ಲರೆ ಒಟ್ಟು ಮಾಡಿದೆವು. ನಾನು ಫೇಸ್‌ಬುಕ್ಕಲ್ಲಿ ಒಂದು ಪೋಸ್ಟ್ ಹಾಕಿದೆ, ನಮ್ಮ ಬೆಟ್ಟದ ಜನ ಕೈ ಚಾಚಲ್ಲ, ತಾವೇ ಎದ್ದು ನಿಲ್ತಾರೆ ಅಂತ. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಶೇರ್ ಆದ ಬರಹ ಇವತ್ತಿಗೂ ಅದೇ.

ಮೊದಲ ಪಟ್ಟಿ ತಯಾರಾಗಿದ್ದು ಕ್ಯಾಂಪಿನಲ್ಲಿದ್ದವರ ಹೆಸರಿಂದ. ಚಿಕ್ಕಪ್ಪನ ಹೆಸರು ಅದರಲ್ಲಿ ಇರಲಿಲ್ಲ.

ಆಮೇಲೆ ಸೇರಿಸಿದರು, ಇಲ್ಲ ಅಂತಲ್ಲ. ಆದರೆ ಅಷ್ಟರಲ್ಲಿ ಮನೆ ನೋಡಲು ಬಂದವರಿಗೆ ಕಂಡದ್ದು ನಿಂತಿದ್ದ ಮುಂಭಾಗ. ‘ಭಾಗಶಃ ಹಾನಿ’ ಅಂತ ಬರೆದುಕೊಂಡು ಹೋದರು. ಹಿಂದೆ ಗುಡ್ಡವೇ ಇಲ್ಲದ ಮನೆಯ ಜಗಲಿ ನೆಟ್ಟಗಿದೆ ಅಂತ ಭಾಗಶಃ. ಪೂರ್ತಿ ಹೋದ ಮನೆಗೂ ಭಾಗಶಃ ಹೋದ ಮನೆಗೂ ಪರಿಹಾರದಲ್ಲಿ ಅಜಗಜಾಂತರ. ಆ ಒಂದು ಪದ ತಿದ್ದಿಸಲು ಚಿಕ್ಕಪ್ಪ ಹತ್ತಿದ ಮೆಟ್ಟಿಲುಗಳ ಲೆಕ್ಕ ಅವರಿಗೇ ಗೊತ್ತಿಲ್ಲ. ಒಬ್ಬ ಅಧಿಕಾರಿ ಒಪ್ಪಿಕೊಂಡು ಸಹಿ ಹಾಕುವ ಹೊತ್ತಿಗೆ ವರ್ಗವಾಯಿತು. ಇನ್ನೊಬ್ಬರು ಫೋಟೋ ಕೇಳಿದರು. ಫೋಟೋ ಕೊಟ್ಟರೆ, ಇದು ಯಾವ ತಾರೀಖಿನದ್ದು ಅಂದರು. ತಮಾಷೆ ಅಂದರೆ ತೋಟ ಪಹಣಿಯಲ್ಲಿ ಹಾಗೇ ಇದೆ. ಒಂದೂವರೆ ಎಕರೆ, ಕಾಫಿ, ಚಿಕ್ಕಪ್ಪನ ಹೆಸರು. ಬೆಟ್ಟದಲ್ಲಿ ಇಲ್ಲ, ಕಂಪ್ಯೂಟರಿನಲ್ಲಿ ಇದೆ. ಅದರ ಮೇಲೆ ತೆಗೆದ ಬೆಳೆಸಾಲವೂ ಇದೆ, ಬಡ್ಡಿ ಸಮೇತ.

ನಮ್ಮ ಒಂದು ಲಕ್ಷ ಚಿಲ್ಲರೆ? ಆರು ತಿಂಗಳಲ್ಲಿ ಮುಗಿಯಿತು. ಎರಡನೇ ವರ್ಷ ಕಸಿನ್‌ಗಳ ಗ್ರೂಪಿನಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇಎಂಐ ಇತ್ತು, ಕೋವಿಡ್ ಬಂತು, ಕಾರಣಗಳಿಗೆ ಬರವೇ?

ಅದೇ ಹೊತ್ತಿನಲ್ಲಿ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಸಂತ್ರಸ್ತರಿಗೆ ಎರಡು ಬೆಡ್‌ರೂಮಿನ ಮನೆಗಳು ಎದ್ದವು. ತಡವಾಗಿ, 2019ರಲ್ಲಿ ಒಂದಿಷ್ಟು, 2020ರಲ್ಲಿ ಒಂದಿಷ್ಟು. ಜಾಗ, ರಸ್ತೆ, ಕರೆಂಟು ಸರ್ಕಾರದ್ದು. ಜಂಬೂರಿನಲ್ಲಿ ಇನ್ಫೋಸಿಸ್ ಫೌಂಡೇಷನ್ ಕೂಡ ಮನೆ ಕಟ್ಟಿಸಿಕೊಟ್ಟಿತು. ಕ್ಯಾಂಪಿನಲ್ಲಿ ಮಲಗಿದ್ದ ಚಿಕ್ಕಪ್ಪನ ನೆರೆಮನೆಯವರಿಗೆ ಅಂಥದೊಂದು ಮನೆ ಸಿಕ್ಕಿತು. ಚಿಕ್ಕಪ್ಪ ಬಾಡಿಗೆ ಮನೆಯಲ್ಲೇ ಉಳಿದರು. ಈ ಮಾತನ್ನು ಅವರು ನನಗೆ ಯಾವತ್ತೂ ಎತ್ತಿ ಆಡಿಲ್ಲ. ಒಂದು ಸಲ ಮಾತ್ರ, ಬೇರೇನೋ ಮಾತಾಡ್ತಾ, “ಅಲ್ಲ ಮಾರಾಯ, ಮರ್ಯಾದೆ ಅಂತ ಒಂದು ಉಂಟಲ್ಲ, ಅದನ್ನ ಯಾವುದಕ್ಕೆ ಇಟ್ಕೊಳ್ಬೇಕು ಅಂತ ಮೊದಲೇ ಗೊತ್ತಿರ್ಬೇಕು” ಅಂದಿದ್ದರು. ನಾನು ಚಹಾ ಲೋಟ ತೊಳೆಯಲು ಎದ್ದು ಹೋದೆ.

ಇಷ್ಟು ಹೇಳಿದೆ ಅಂತ ಸರ್ಕಾರವನ್ನು ಹೀರೋ ಮಾಡಲು ಹೊರಟಿಲ್ಲ. 2018ರಲ್ಲಿದ್ದ ಕೇಂದ್ರದ ವಿಪತ್ತು ನಿಧಿಯ ನಿಯಮ ನೋಡಿದರೆ ನಗು ಬರುತ್ತೆ. ಬಯಲುಸೀಮೆಯಲ್ಲಿ ಒಂದು ಪಕ್ಕಾ ಮನೆ ಸಂಪೂರ್ಣ ನೆಲಸಮವಾದರೆ 95,100 ರೂಪಾಯಿ, ಗುಡ್ಡಗಾಡಾದರೆ 1,01,900. ಬೆಂಗಳೂರಿನ ಎರಡು ಬೆಡ್‌ರೂಂ ಫ್ಲ್ಯಾಟಿನ ಅಡ್ವಾನ್ಸಿಗೂ ಸಾಲದು. ಆಮೇಲೆ ಏರಿಸಿ 1.2 ಲಕ್ಷ, 1.3 ಲಕ್ಷ ಮಾಡಿದ್ದಾರೆ. ಆದರೆ ಕೇರಳದಲ್ಲಿ ನಡೆದದ್ದು ಗಮನಿಸಿ. ಜನ ಮುಖ್ಯಮಂತ್ರಿ ಪರಿಹಾರ ನಿಧಿಗೆ ನಾಲ್ಕು ಸಾವಿರ ಕೋಟಿಗೂ ಹೆಚ್ಚು ಕೊಟ್ಟರು. ಆ ನಿಧಿಯಿಂದ ಸೇರಿಸಿ ಮನೆಯೊಂದಕ್ಕೆ 4 ಲಕ್ಷ ಆಯಿತು. ಅಂದರೆ ನಾವು ನೀವು ಆಫೀಸಿನಿಂದ ಕಳಿಸಿದ ದುಡ್ಡು ಮನೆಯಾಗಿದ್ದು ಒಂದು ಪಟ್ಟಿ, ಒಂದು ಸರ್ವೆ, ಒಂದು ಸಹಿಯ ಮೂಲಕ ಹಾದುಹೋದ ಮೇಲೆ. ಅಲ್ಲೂ ಕೈಯಾಡಿಸಿದವರಿದ್ದರು, ಕೇಸೂ ಆಯಿತು. ಆದರೂ ಆ ಪಟ್ಟಿಯಲ್ಲಿ ಹೆಸರಿರಲು ನೀವು ಯಾರ ಚಿಕ್ಕಪ್ಪನೂ ಆಗಿರಬೇಕಿಲ್ಲ. ನಮ್ಮ ಒಂದು ಲಕ್ಷ ಹೋದದ್ದು ನಮ್ಮ ಚಿಕ್ಕಪ್ಪನಿಗೆ. ಅವರ ತೋಟದ ಲೈನ್‌ಮನೆಯಲ್ಲಿದ್ದ ಕೆಲಸದ ದಂಪತಿ ಎಲ್ಲಿ ಹೋದರು ಅಂತ ನಮ್ಮ ಗ್ರೂಪಿನಲ್ಲಿ ಒಬ್ಬರೂ ಕೇಳಿರಲಿಲ್ಲ.

ನಮ್ಮಂಥವರಿಗೆ ‘2018’ ಇಷ್ಟವಾಗುವ ಕಾರಣ ಇಲ್ಲೇ ಇದೆ ಅಂತ ನನ್ನ ಅನುಮಾನ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಕೂತು ನಾನೂ ಎರಡು ರಾತ್ರಿ ಕೇರಳದ ಸಹಾಯ ಕೋರಿದವರ ನಂಬರುಗಳಿಗೆ ಫೋನ್ ಮಾಡಿ, ‘ರಕ್ಷಿಸಲಾಗಿದೆ’ ಅಂತ ಶೀಟಿನಲ್ಲಿ ಹಸಿರು ಬಣ್ಣ ತುಂಬಿದ್ದೇನೆ. ಕೇರಳ ರೆಸ್ಕ್ಯೂ ಅನ್ನೋ ವೆಬ್‌ಸೈಟನ್ನು ಐಇಇಇ ಸ್ವಯಂಸೇವಕರು ಕಟ್ಟಿದ್ದು, ಜೊತೆಗೆ ನಿಂತದ್ದು ಕೇರಳ ರಾಜ್ಯದ ಐಟಿ ಮಿಷನ್. ಆದರೆ ನಮ್ಮ ಮಾತಿನಲ್ಲಿ ಅದು ‘ಟೆಕ್ಕಿಗಳು ಮಾಡಿದ್ದು’. ನಾಲ್ಕು ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ, ನೀರು ನಮ್ಮ ಸರ್ಜಾಪುರ ರಸ್ತೆಗೇ ಬಂತು. ಲ್ಯಾಪ್‌ಟಾಪ್ ಬ್ಯಾಗ್ ಎದೆಗೆ ಅಪ್ಪಿಕೊಂಡು ಟ್ರ್ಯಾಕ್ಟರ್ ಮೇಲೆ ನಿಂತ ನಮ್ಮ ಚಿತ್ರ ಜಗತ್ತೆಲ್ಲ ಓಡಾಡಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಅವತ್ತು ಅದ್ಭುತವಾಗಿ ಕೆಲಸ ಮಾಡಿತು. ಟ್ರ್ಯಾಕ್ಟರ್, ನೀರಿನ ಕ್ಯಾನ್, ಹೋಟೆಲ್ ರೂಮು, ಎಲ್ಲ ಒಂದು ಗಂಟೆಯಲ್ಲಿ. ನಾವು ಹೆಮ್ಮೆ ಪಟ್ಟೆವು. ಸೆಕ್ಯೂರಿಟಿಯವರು ಬೇಸ್‌ಮೆಂಟಿನಲ್ಲಿಟ್ಟಿದ್ದ ಟ್ರಂಕುಗಳು ತೇಲ್ತಾ ಇದ್ದದ್ದು ಮೂರನೇ ದಿನ ಪಂಪ್ ಹಚ್ಚಿದಾಗ ಕಂಡದ್ದು. ಅವರು ಆ ಗ್ರೂಪಿನಲ್ಲಿ ಇರಲಿಲ್ಲ, ನೋಡಿ.

ಈ ಸಿನಿಮಾವನ್ನು 2023ರಲ್ಲಿ ಭಾರತದಿಂದ ಆಸ್ಕರ್‌ಗೆ ಕಳಿಸಿದರು. ಆಯ್ಕೆ ಸಮಿತಿಯ ಅಧ್ಯಕ್ಷರು ನಮ್ಮ ಗಿರೀಶ ಕಾಸರವಳ್ಳಿ. ಚಿತ್ರ ಅಂತಿಮ ಸುತ್ತುಗಳಿಗೆ ಹೋಗಲಿಲ್ಲ, ಅದಿರಲಿ. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅವರದೇ ‘ದ್ವೀಪ’. ನಾ. ಡಿಸೋಜರ ಕಾದಂಬರಿ ಆಧರಿಸಿದ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದ ಚಿತ್ರ. ಅಲ್ಲಿನ ನೀರು ಅಣೆಕಟ್ಟಿನದ್ದು, ಪ್ರಕೃತಿಯದ್ದಲ್ಲ, ಒಪ್ಪಿದೆ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊರವರೆಲ್ಲ ಪರಿಹಾರ ತಗೊಂಡು ಹೊರಟ ಮೇಲೆ ನಾಗಿ, ಗಣಪ, ದುಗ್ಗಜ್ಜ ಮುಳುಗುವ ನಡುಗಡ್ಡೆಯಲ್ಲಿ ಉಳೀತಾರೆ. ಅಲ್ಲೂ ಮರ್ಯಾದೆಯ ಪ್ರಶ್ನೆ ಇದೆ, ಈ ನೆಲ ಬಿಟ್ಟರೆ ನಾವು ಯಾರು ಅನ್ನೋದು. ಮಳೆಗಾಲದಲ್ಲಿ ಆ ಮನೆಯನ್ನು ಕೈಯಾರೆ ಉಳಿಸುವವಳು ನಾಗಿ. ಸೌಂದರ್ಯ ಅಭಿನಯಿಸಿದ ಆ ಪಾತ್ರಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ. ನೀರಿಳಿದ ಮೇಲೆ ಗಂಡ ದೇವರು ಕಾಪಾಡಿದ ಅಂತಾನೆ. ಹೀರೋ ಆದವಳಿಗೆ ಆಮೇಲೆ ಏನಾಗುತ್ತೆ ಅನ್ನೋದನ್ನು ಆ ಸಿನಿಮಾ ಕೊನೆಯ ಕೆಲವೇ ನಿಮಿಷಗಳಲ್ಲಿ ತೋರಿಸಿಬಿಡುತ್ತೆ. ‘2018’ಕ್ಕೆ ಆ ‘ಆಮೇಲೆ’ ಬೇಕಿಲ್ಲ. ಅದರ ಪ್ರಕಾರ ಪ್ರವಾಹ ಅಂದರೆ ಕೆಲವು ದಿನಗಳ ಮಾತು. ಚಿಕ್ಕಪ್ಪನ ಪಾಲಿಗೆ ಅದು ಇನ್ನೂ ಮುಗಿದಿಲ್ಲ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗಲೂ ಮೊದಲ ವಾರ ಎಲ್ಲರೂ ಹೀರೋ. ನಮ್ಮ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿಯ ಬೈಲಿ ಸೇತುವೆ ಎರಡೇ ದಿನದೊಳಗೆ ನಿಲ್ಲಿಸಿದರು, ನಾವೂ ಹೆಮ್ಮೆಯಿಂದ ಹಂಚಿಕೊಂಡೆವು. ನಂತರದ ಸುದ್ದಿ ಎಷ್ಟು ಜನ ಹಂಚಿಕೊಂಡರು? ಅದೇ ವರ್ಷದ ಕೊನೆಗೆ ಕೇಂದ್ರವು ಹಳೆಯ ಪ್ರವಾಹಗಳ ಬಾಕಿಯೂ ಸೇರಿ ಹೆಲಿಕಾಪ್ಟರ್, ವಿಮಾನಗಳ ಖರ್ಚು 132 ಕೋಟಿ ಕೊಡಿ ಅಂತ ಕೇರಳಕ್ಕೆ ಪತ್ರ ಬರೆಯಿತು. ಮರುವರ್ಷ ಪುನರ್ವಸತಿಗೆ 529.50 ಕೋಟಿ ಕೊಟ್ಟಿತು, ಅನುದಾನ ಅಲ್ಲ, ಬಡ್ಡಿಯಿಲ್ಲದ ಸಾಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ 13ನೇ ಕಲಂ ಅಂತ ಒಂದಿತ್ತು. ಭಾರಿ ವಿಪತ್ತಿನಲ್ಲಿ ಸಿಕ್ಕವರ ಸಾಲ ಮರುಪಾವತಿಗೆ ರಿಯಾಯಿತಿ ಶಿಫಾರಸು ಮಾಡಲು ಅವಕಾಶ ಕೊಡುತ್ತಿದ್ದ ಕಲಂ. 2025ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ವಯನಾಡಿನವರ ಸಾಲದ ವಿಚಾರ ಹೈಕೋರ್ಟಿನಲ್ಲಿ ಬಂದಾಗ, ಆ ಕಲಮೇ ಈಗ ಇಲ್ಲವಲ್ಲ ಅಂತ ಕೇಂದ್ರ ಹೇಳಿತು. ಭೂಮಿ ಹೋಗಿ ಸಾಲ ಉಳಿದವರ ಕೈಯಲ್ಲಿದ್ದ ಒಂದು ಕಾಗದವೂ ಹೋಯಿತು. ನಾವು ಟೊವಿನೋ ಈಜುವುದನ್ನು ನೋಡಿ ಅಳ್ತಾ ಇರುವಾಗ ಇಂಥವೆಲ್ಲ ಸದ್ದಿಲ್ಲದೆ ಆಗಿಹೋಗುತ್ತವೆ.

ಕೇರಳದ್ದೇ ಇನ್ನೊಂದು ಹೆಸರು ಕುಟುಂಬಶ್ರೀ. ಪ್ರವಾಹದ ನೀರಿಳಿದ ಮೇಲೆ ಮನೆಮನೆಗೆ ಹೋಗಿ ಕೆಸರು ಎತ್ತಿದ ಹೆಂಗಸರು. ಅವರದ್ದು ಸ್ವಸಹಾಯವೋ ಸರ್ಕಾರವೋ? 1998ರಲ್ಲಿ ಸರ್ಕಾರವೇ ಶುರು ಮಾಡಿದ ಸಂಘಟನೆ, ನಡೆಸುವವರು ನೆರೆಹೊರೆಯ ಹೆಂಗಸರು. ಪ್ರಶ್ನೆಯನ್ನು ‘ನಾವಾ ಸರ್ಕಾರವಾ’ ಅಂತ ಕೇಳಿದರೆ ಅವರಿಗೆ ಜಾಗವೇ ಇಲ್ಲ. ಸಿನಿಮಾದಲ್ಲೂ ಸಿಗಲಿಲ್ಲ. ಕೆಸರು ಎತ್ತುವುದಕ್ಕೆ ಹಿನ್ನೆಲೆ ಸಂಗೀತ ಕೊಡೋದು ಕಷ್ಟ ಇರಬೇಕು.

ಆ ರಾತ್ರಿ ಟಿವಿ ಆಫ್ ಮಾಡಿದ ಮೇಲೆ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಸಿನಿಮಾ ಹೇಗಿತ್ತು ಅಂತ ಕೇಳಿದೆ.

“ಲಾಯಕ್ ಉಂಟು. ಆ ದೋಣಿಯವರು ಭಾರಿ ಜನ” ಅಂದರು. ಆಮೇಲೆ, “ಅಲ್ಲ, ಅಷ್ಟು ದೋಣಿ ಗೋಡೆಗೆ, ಕಂಬಕ್ಕೆ ಎಲ್ಲ ಹೊಡೆದಿರ್ತದಲ್ಲ. ರಿಪೇರಿ ಯಾರು ಮಾಡಿಸಿದ್ದು?”

ಫೋನಲ್ಲಿ ಹುಡುಕಿ ಹೇಳಿದೆ. ಕೆಟ್ಟ ದೋಣಿಗಳನ್ನು ಸರ್ಕಾರವೇ ಸರಿ ಮಾಡಿಸಿಕೊಡುತ್ತೆ, ದೋಣಿಗೆ ದಿನಕ್ಕೆ 3,000 ರೂಪಾಯಿ ಕೊಡುತ್ತೆ ಅಂತ ಆಗ ಘೋಷಣೆ ಆಗಿತ್ತು. ಜನ ಉಳಿಸಿದ್ದಕ್ಕೆ ದುಡ್ಡು ಬೇಡ ಅಂದ ಮೀನುಗಾರರೂ ಇದ್ದರು ಅಂತಲೂ ಹೇಳಿದೆ.

ಚಿಕ್ಕಪ್ಪ ತಲೆಯಾಡಿಸಿದರು. “ದುಡ್ಡು ಬೇಡ ಅಂದದ್ದು ಸರಿ. ದೋಣಿ ರಿಪೇರಿ ಬೇಡ ಅನ್ನಬಾರದು.” ಎದ್ದು ಹೋಗಿ ಗೋದ್ರೇಜ್ ಬೀರುವಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಡತ ತಂದರು. ಸೋಮವಾರ ಮತ್ತೆ ಹೋಗಬೇಕಂತೆ, ಹೊಸಬರು ಬಂದಿದ್ದಾರಂತೆ. ಅರ್ಜಿಯಲ್ಲಿ ‘ಭಾಗಶಃ’ ಅನ್ನೋದು ಎಲ್ಲೆಲ್ಲಿ ಬರುತ್ತೆ ನೋಡಿ ಗುರುತು ಹಾಕಿಕೊಡು ಅಂದರು. ನಾನು ಪೆನ್ನು ತಗೊಂಡು ಕೂತೆ.